ಮನೆಯಂಗಳದಲ್ಲಿ ಕಂಪ್ಯೂಟರ್ ದೂರದರ್ಶಕ

ಕೇಳುಗರೆಲ್ಲರಿಗೂ ನಮಸ್ಕಾರ.

ಸುಗ್ಗಿಯ ಹಬ್ಬ ಪುತ್ತರಿಯ ಹೊತ್ತಿಗೆ ಕೊಡಗಿನ ಆಕಾಶ ತೆರೆದುಕೊಳ್ಳಲು ಶುರುವಾಗುತ್ತದೆ. ಅಲ್ಲಿಂದ ಏಪ್ರಿಲ್‌ವರೆಗಿನ ನಾಲ್ಕೈದು ತಿಂಗಳೇ ನಮ್ಮಲ್ಲಿ ದೂರದರ್ಶಕದ ಕಾಲ. ಪುತ್ತರಿ ರಾತ್ರಿ ರೋಹಿಣಿ ನಕ್ಷತ್ರ ಹುಣ್ಣಿಮೆ ಚಂದ್ರನ ಆಸುಪಾಸಿನಲ್ಲಿರುತ್ತದೆ. ಅಷ್ಟು ಬೆಳದಿಂಗಳಲ್ಲಿ ಮಸುಕಾದ ನೀಹಾರಿಕೆಗಳು ಕಾಣುವುದಿಲ್ಲ, ನಿಜ. ಆದರೆ ಹೊಸದಾಗಿ ಯಂತ್ರ ತಂದವರಿಗೆ ಅಭ್ಯಾಸಕ್ಕೆ ಅದು ಒಳ್ಳೆಯ ರಾತ್ರಿ. ಕಾಲಡಿ ಕಾಣುತ್ತದೆ, ಪ್ರಖರವಾದ ನಕ್ಷತ್ರಗಳಷ್ಟೇ ಉಳಿಯುವುದರಿಂದ ಯಾವುದು ಯಾವುದೆಂಬ ಗೊಂದಲವೂ ಕಡಿಮೆ.

ಕಂಪ್ಯೂಟರ್ ದೂರದರ್ಶಕ ಎಂದರೆ ಎರಡು ಮೋಟಾರು ಮತ್ತು ಒಂದು ಹ್ಯಾಂಡ್‌ಸೆಟ್ ಇರುವ ದೂರದರ್ಶಕ. ಒಂದು ಮೋಟಾರು ಅಡ್ಡಕ್ಕೆ ತಿರುಗಿಸುತ್ತದೆ, ಇನ್ನೊಂದು ಮೇಲೆ ಕೆಳಗೆ ಎತ್ತಿ ಇಳಿಸುತ್ತದೆ. ಸಾವಿರಾರು ಆಕಾಶಕಾಯಗಳ ಪಟ್ಟಿ ಹ್ಯಾಂಡ್‌ಸೆಟ್‌ನಲ್ಲಿದೆ. ಆದರೆ ತಾನು ಎಲ್ಲಿದ್ದೇನೆ, ಈಗ ಹೊತ್ತೆಷ್ಟು, ಯಾವ ಕಡೆ ಮುಖ ಮಾಡಿದ್ದೇನೆ ಎಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ನಾವೇ ಹೇಳಬೇಕು. "ಯಂತ್ರ ಸರಿಯಿಲ್ಲ" ಎಂಬ ದೂರುಗಳಲ್ಲಿ ಬಹುಪಾಲು ಈ ಮೂರರಲ್ಲಿ ಒಂದನ್ನು ತಪ್ಪಾಗಿ ಹೇಳಿದ್ದರಿಂದ ಬಂದವು.

ಮೊದಲು ಜಾಗ. ಕಾಫಿ ಕಣ ಸಮತಟ್ಟಾಗಿದೆ, ಮೇಲೆ ಮರದ ಮುಚ್ಚಿಗೆ ಇಲ್ಲ, ಹಾಗಾಗಿ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಆದರೆ ಹಗಲೆಲ್ಲ ಬಿಸಿಲಿಗೆ ಕಾದ ಸಿಮೆಂಟು ಕತ್ತಲಾದ ಮೇಲೂ ಗಂಟೆಗಟ್ಟಲೆ ಬಿಸಿಗಾಳಿ ಬಿಡುತ್ತದೆ. ಆ ಗಾಳಿಯ ಮೂಲಕ ನೋಡಿದರೆ ಗುರುಗ್ರಹದ ಪಟ್ಟೆಗಳು ಹರಿಯುವ ನೀರಿನ ತಳದ ಕಲ್ಲಿನ ಹಾಗೆ ಅಲುಗುತ್ತವೆ. ಕಣದ ಪಕ್ಕದ ಹುಲ್ಲುನೆಲ ಮೇಲು. ಮಣ್ಣು ಹಸಿಯಿದ್ದರೆ ಟ್ರೈಪಾಡಿನ ಮೂರು ಕಾಲಿನಡಿಗೂ ಒಂದೊಂದು ಹಲಗೆ ತುಂಡು ಇಡಿ. ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಒಂದು ಕಾಲು ಇಳಿದು, ಮಾಡಿದ ಹೊಂದಾಣಿಕೆಯೆಲ್ಲ ಹಾಳಾಗುತ್ತದೆ. ಆನೆ ಓಡಾಡುವ ತೋಟಗಳಲ್ಲಿ ಮನೆಯಿಂದ ದೂರ ಹೋಗಲೇಬೇಡಿ. ಕಣ್ಣು ಐಪೀಸಿನಲ್ಲಿ, ಅಂದರೆ ಕಣ್ಣಿಟ್ಟು ನೋಡುವ ಮಸೂರದಲ್ಲಿ, ನೆಟ್ಟಾಗ ಕಿವಿಯೂ ಅಲ್ಲೇ ಇರುತ್ತದೆ.

ಇನ್ನೂ ಕೊಳ್ಳದವರಿಗೆ ಇಲ್ಲೊಂದು ಮಾತು. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿ ಕಾಣುತ್ತದೆ ಎಂಬುದು ಊರಿನ ಅಕ್ಷಾಂಶಕ್ಕೆ ಹೆಚ್ಚುಕಡಿಮೆ ಸಮ. ಮಡಿಕೇರಿಯಲ್ಲಿ ಅದು ಸುಮಾರು 12 ಡಿಗ್ರಿ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ ಆಯಿತು. ಅದರ ಮೇಲೆ ಒಂದು ಬೆರಳು. ಅಷ್ಟು ತಗ್ಗಿನಲ್ಲಿ ಸಿಲ್ವರ್ ಮರವೋ, ಎದುರಿನ ಗುಡ್ಡವೋ, ಕಾವಳವೋ ಧ್ರುವನನ್ನು ಮುಚ್ಚಿಯೇ ಇರುತ್ತದೆ. ಆದ್ದರಿಂದ ಧ್ರುವನನ್ನು ನಂಬಿ ನಿಲ್ಲಿಸುವ ಇಕ್ವಟೋರಿಯಲ್ ಮೌಂಟ್ (ಮೌಂಟ್ ಎಂದರೆ ಕೊಳವೆಯನ್ನು ಹೊತ್ತು ತಿರುಗಿಸುವ ಭಾಗ) ನಮ್ಮ ಅಂಗಳಕ್ಕೆ ಹೇಳಿಸಿದ್ದಲ್ಲ. ಅಡ್ಡಕ್ಕೂ ಮೇಲಕ್ಕೂ ನೇರವಾಗಿ ತಿರುಗುವ ಆಲ್ಟ್-ಅಜಿಮತ್ ಮೌಂಟ್ ತೆಗೆದುಕೊಳ್ಳಿ.

ಹಗಲಲ್ಲೇ ಮುಗಿಸಬೇಕಾದ ಕೆಲಸ ಒಂದಿದೆ. ಕೊಳವೆಯ ಮೇಲೆ ಗುರಿ ಹಿಡಿಯಲು ಇರುವ ಕೆಂಪು ಚುಕ್ಕೆಯ ಫೈಂಡರ್ ಮತ್ತು ದೊಡ್ಡ ಕೊಳವೆ ಎರಡೂ ಒಂದೇ ಕಡೆ ನೋಡುವಂತೆ ಮಾಡುವುದು. ಒಂದು ಕಿಲೋಮೀಟರಿಗಿಂತ ದೂರದ ಮೊಬೈಲ್ ಟವರಿನ ತುದಿಯನ್ನು 25 ಮಿಲಿಮೀಟರ್ ಐಪೀಸಿನ ನಡುವಿಗೆ ತನ್ನಿ. ಕೊಳವೆ ಅಲುಗದಂತೆ ಫೈಂಡರಿನ ಎರಡು ತಿರುಪುಗಳನ್ನು ತಿರುಗಿಸಿ, ಕೆಂಪು ಚುಕ್ಕೆಯನ್ನು ಅದೇ ತುದಿಯ ಮೇಲೆ ಕೂರಿಸಿ. ಕೊಳವೆ ಸೂರ್ಯನ ಕಡೆಗೆ ತಿರುಗದ ಹಾಗೆ ನೋಡಿಕೊಳ್ಳಿ. ಒಂದು ಕ್ಷಣ ಸಾಕು, ಕಣ್ಣು ಹೋಗುತ್ತದೆ. ಮಕ್ಕಳಿದ್ದರೆ ಪಕ್ಕದಲ್ಲೇ ನಿಂತಿರಿ.

ಸಂಜೆ ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಅಗಲಿಸಿ, ಆದರೆ ಉದ್ದ ಎಳೆಯಬೇಡಿ. ಗಿಡ್ಡ ಕಾಲು ಅಲುಗುವುದು ಕಡಿಮೆ. ಮೇಸ್ತ್ರಿಗಳ ರಸಮಟ್ಟ ಇಟ್ಟು ತಲೆಯನ್ನು ಮಟ್ಟ ಮಾಡಿ. ಕೊಳವೆಯನ್ನು ಹೊರಗಿನ ತಂಪಿಗೆ ಮುಕ್ಕಾಲು ಗಂಟೆ ಬಿಡಿ. ಒಳಗಿನ ಗಾಳಿ ಹೊರಗಿನಷ್ಟೇ ತಣ್ಣಗಾಗುವವರೆಗೆ ಚಿತ್ರ ನಿಲ್ಲುವುದಿಲ್ಲ.

ವಿದ್ಯುತ್ತಿನ ವಿಷಯ. ಒಳಗೆ ಹಾಕುವ ಎಂಟು ಪೆನ್ಸಿಲ್ ಸೆಲ್ಲುಗಳನ್ನು ನೆಚ್ಚಬೇಡಿ. ಮೋಟಾರು ಜೋರಾಗಿ ತಿರುಗುವಾಗ ವೋಲ್ಟೇಜ್ ಕುಸಿದು ಹ್ಯಾಂಡ್‌ಸೆಟ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ, ಮಾಡಿದ್ದೆಲ್ಲ ಮೊದಲಿನಿಂದ. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಒಂದಿಡೀ ರಾತ್ರಿಗೆ ಸಾಕು. ತಂತಿ ಜೋಡಿಸುವ ಮೊದಲು ಪಿನ್ನಿನ ನಡುಭಾಗ ಪಾಸಿಟಿವ್ ಎಂಬುದನ್ನು ಕೈಪಿಡಿಯಲ್ಲಿ ನೋಡಿ, ಮೀಟರ್ ಇಟ್ಟು ಖಚಿತ ಮಾಡಿಕೊಳ್ಳಿ.

ಈಗ ಪೆನ್ನು, ಕಾಗದ ತೆಗೆದುಕೊಳ್ಳಿ. ಮಡಿಕೇರಿ: ಉತ್ತರ ಅಕ್ಷಾಂಶ 12 ಡಿಗ್ರಿ 25 ಮಿನಿಟ್, ಪೂರ್ವ ರೇಖಾಂಶ 75 ಡಿಗ್ರಿ 44 ಮಿನಿಟ್. ವಿರಾಜಪೇಟೆ: 12 ಡಿಗ್ರಿ 12, 75 ಡಿಗ್ರಿ 48. ಸೋಮವಾರಪೇಟೆ: 12 ಡಿಗ್ರಿ 36, 75 ಡಿಗ್ರಿ 51. ಸುತ್ತಲಿನ ಹಳ್ಳಿಗಳಿಗೂ ಇದೇ ಸಾಕು. ರೇಖಾಂಶದ ಮುಂದೆ ಪೂರ್ವವನ್ನು ಸೂಚಿಸುವ 'ಇ' ಅಕ್ಷರ ಇದೆಯೇ ನೋಡಿ. ಕೆಲವು ಹ್ಯಾಂಡ್‌ಸೆಟ್‌ಗಳಲ್ಲಿ ಮೊದಲೇ ಪಶ್ಚಿಮ ಎಂದು ಇರುತ್ತದೆ. ಸಮಯ ವಲಯ ಪ್ಲಸ್ 5 ಗಂಟೆ 30 ನಿಮಿಷ. ಡೇಲೈಟ್ ಸೇವಿಂಗ್ ಎಂದು ಕೇಳಿದರೆ 'ಇಲ್ಲ'.

ತಾರೀಖಿನ ಮೇಲೆ ಸ್ವಲ್ಪ ನಿಲ್ಲೋಣ. ಈ ಯಂತ್ರಗಳು ಅಮೆರಿಕದ ಕ್ರಮದಲ್ಲಿ ಮೊದಲು ತಿಂಗಳು, ಆಮೇಲೆ ದಿನ ಕೇಳುತ್ತವೆ. ಫೆಬ್ರವರಿ 5ರ ರಾತ್ರಿ ಎಂಟಕ್ಕೆ ನಮ್ಮ ಅಭ್ಯಾಸದಂತೆ 05-02 ಎಂದು ಒತ್ತಿದಿರಿ ಅನ್ನಿ. ಯಂತ್ರ ಅದನ್ನು ಮೇ 2 ಎಂದು ತಿಳಿಯುತ್ತದೆ. ಲುಬ್ಧಕ ನಕ್ಷತ್ರ ನಿಮ್ಮ ಕಣ್ಣೆದುರು ಆಗ್ನೇಯದಲ್ಲಿ ಹೊಳೆಯುತ್ತಿದೆ, ಕೊಳವೆ ಮಾತ್ರ ನೈಋತ್ಯದತ್ತ ತಿರುಗಿ ನಿಲ್ಲುತ್ತದೆ. ಇನ್ನೊಂದು ಬಗೆಯ ಲಕ್ಷಣವೂ ಇದೆ: ನಕ್ಷತ್ರಗಳೆಲ್ಲ ಸರಿಯಾಗಿ ಸಿಗುತ್ತವೆ, ಚಂದ್ರ ಮತ್ತು ಗ್ರಹಗಳು ಮಾತ್ರ ಸಿಗುವುದಿಲ್ಲ. ನಕ್ಷತ್ರಗಳು ಒಂದಕ್ಕೊಂದು ಇರುವ ಅಂತರ ಬದಲಾಗದು, ಚಂದ್ರನಾದರೆ ದಿನಕ್ಕೆ 13 ಡಿಗ್ರಿಯಷ್ಟು ಸರಿಯುತ್ತಾನೆ. ಹೀಗಾದಾಗ ಬೇರೆಲ್ಲೂ ಹುಡುಕಬೇಡಿ, ತಾರೀಖನ್ನೇ ನೋಡಿ.

ಇನ್ನು ಎರಡು ನಕ್ಷತ್ರಗಳ ಹೊಂದಾಣಿಕೆ. ಗೊತ್ತಿರುವ ಎರಡು ನಕ್ಷತ್ರಗಳನ್ನು ತೋರಿಸಿ, ಯಾವ ಕಡೆ ಮುಖ ಮಾಡಿದೆ ಎಂಬುದನ್ನು ಯಂತ್ರಕ್ಕೆ ತಿಳಿಸುವ ಕೆಲಸ ಇದು. ಬಹಳ ಯಂತ್ರಗಳು ಶುರುವಿನಲ್ಲಿ ಕೊಳವೆಯನ್ನು ಮಟ್ಟವಾಗಿ ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಲು ಹೇಳುತ್ತವೆ. ದಿಕ್ಸೂಚಿಯನ್ನು ಉಕ್ಕಿನ ಟ್ರೈಪಾಡಿನಿಂದ ಒಂದೆರಡು ಮೀಟರ್ ಆಚೆ ಹಿಡಿದು ಉತ್ತರ ಗುರುತಿಸಿ. ನಕ್ಷತ್ರಗಳ ಆಯ್ಕೆಗೆ ನನ್ನ ಸಲಹೆ ನೇರವಾಗಿದೆ: ಜನವರಿ ನಡುವಿನಿಂದ ಏಪ್ರಿಲ್ ನಡುವಿನವರೆಗೆ ರಾತ್ರಿ ಎಂಟಕ್ಕೆ ಲುಬ್ಧಕ ಮತ್ತು ಬ್ರಹ್ಮಹೃದಯ ಜೋಡಿಯನ್ನೇ ಹಿಡಿಯಿರಿ. ಹ್ಯಾಂಡ್‌ಸೆಟ್‌ನಲ್ಲಿ ಅವು ಸಿರಿಯಸ್ ಮತ್ತು ಕಪೆಲ್ಲಾ. ಜನವರಿಯಲ್ಲಿ ಬ್ರಹ್ಮಹೃದಯ ಈಶಾನ್ಯದಲ್ಲಿ ಅರ್ಧ ಆಕಾಶದಷ್ಟು ಮೇಲೆ, ಲುಬ್ಧಕ ಆಗ್ನೇಯದಲ್ಲಿ ಮೂರು ಮುಷ್ಟಿ ಮೇಲೆ. ಏಪ್ರಿಲ್ ಹೊತ್ತಿಗೆ ಎರಡೂ ಪಶ್ಚಿಮದ ಪಾಲು. ಒಂದು ವಾಯವ್ಯ, ಒಂದು ನೈಋತ್ಯ. ಎರಡರ ನಡುವೆ ಅಂತರ ಚೆನ್ನಾಗಿರುತ್ತದೆ, ಅದೇ ಮುಖ್ಯ. ಆರ್ದ್ರಾ, ರೋಹಿಣಿ ಹತ್ತಿರ ಹತ್ತಿರ ಇವೆ, ಆ ಜೋಡಿ ಬೇಡ. ನವೆಂಬರಿನಲ್ಲಾದರೆ ವಾಯವ್ಯದ ಅಭಿಜಿತ್ ಮತ್ತು ದಕ್ಷಿಣದ ಫೋಮಲ್‌ಹಾಟ್. ನೆತ್ತಿಯ ಮೇಲಿನ ನಕ್ಷತ್ರವನ್ನು ಎಂದೂ ಆರಿಸಬೇಡಿ. ಮಖಾ ನಕ್ಷತ್ರ ಮಡಿಕೇರಿಯ ನೆತ್ತಿಯಿಂದ ಸುಮಾರು ಅರ್ಧ ಡಿಗ್ರಿ ಅಂತರದಲ್ಲಷ್ಟೇ ಹಾದುಹೋಗುತ್ತದೆ. ಅಲ್ಲಿ ಅಡ್ಡ ಮೋಟಾರು ಅದರ ಜತೆ ತಿರುಗಿ ಪೂರೈಸಲಾರದು.

ನಕ್ಷತ್ರವನ್ನು ಮೊದಲು 25 ಮಿಲಿಮೀಟರಿನಲ್ಲಿ, ಆಮೇಲೆ 10 ಮಿಲಿಮೀಟರ್ ಐಪೀಸಿನಲ್ಲಿ ನಡುವಿಗೆ ತನ್ನಿ. 1500 ಮಿಲಿಮೀಟರ್ ನಾಭಿದೂರದ ಕೊಳವೆಯಲ್ಲಿ ಇವು 60 ಪಟ್ಟು, 150 ಪಟ್ಟು ಹಿಗ್ಗಿಸುತ್ತವೆ. ಕೊನೆಯ ಒತ್ತು ಯಾವಾಗಲೂ ಮೇಲಿನ ಬಾಣ ಮತ್ತು ಬಲ ಬಾಣದಲ್ಲೇ ಇರಲಿ. ಹಲ್ಲುಚಕ್ರಗಳ ನಡುವೆ ಸ್ವಲ್ಪ ಸಡಿಲ ಇದ್ದೇ ಇರುತ್ತದೆ. ಒಂದೇ ಕಡೆಯಿಂದ ಬಂದು ನಿಂತರೆ ಆ ಸಡಿಲ ಲೆಕ್ಕಕ್ಕೆ ಬರುವುದಿಲ್ಲ. ದಾಟಿಹೋದರೆ ಹಿಂದಕ್ಕೆ ಬಂದು ಮತ್ತೆ ಅದೇ ಕಡೆಯಿಂದ ಸರಿಸಿ.

ಹೊಂದಾಣಿಕೆ ಆಯಿತೇ? ಹಾಗಾದರೆ ದಕ್ಷಿಣಕ್ಕೆ ತಿರುಗಿ. ಮೇ ತಿಂಗಳ ಮಳೆ ಬಿಟ್ಟ ರಾತ್ರಿಗಳಲ್ಲಿ ಒಮೆಗಾ ಸೆಂಟಾರಿ ಎಂಬ ಮಹಾ ನಕ್ಷತ್ರಗುಚ್ಛ ನಮ್ಮಲ್ಲಿ 30 ಡಿಗ್ರಿ ಎತ್ತರಕ್ಕೆ ಬರುತ್ತದೆ. ದಿಲ್ಲಿಯವರಿಗೆ ಅದು ದಿಗಂತದ ಧೂಳಿನಲ್ಲೇ ಉಳಿಯುತ್ತದೆ. ತಮಿಳುನಾಡಿನ ಕಾವಲೂರಿನ ವೇಣು ಬಾಪ್ಪು ವೀಕ್ಷಣಾಲಯ ಇರುವುದೂ ಸೋಮವಾರಪೇಟೆಯ ಅಕ್ಷಾಂಶದಲ್ಲೇ. ಅವರಿಗೆ ಕಾಣುವ ದಕ್ಷಿಣದ ಆಕಾಶ ನಿಮ್ಮ ಅಂಗಳಕ್ಕೂ ಸಿಕ್ಕಿದೆ.

ಕೊಡಗಿನಲ್ಲಿ ನೋಟವನ್ನು ಬೇಗ ಮುಗಿಸುವುದು ಇಬ್ಬನಿ. ನಕ್ಷತ್ರಗಳು ಒಂದೊಂದಾಗಿ ಮಂಕಾಗಿ, ಸುತ್ತ ಬಿಳಿ ಪ್ರಭೆ ಕಂಡರೆ ಮುಂದಿನ ಗಾಜಿಗೆ ಇಬ್ಬನಿ ಕೂತಿದೆ ಎಂದೇ ಅರ್ಥ. ಬಟ್ಟೆಯಲ್ಲಿ ಒರೆಸಬೇಡಿ, ಲೇಪನಕ್ಕೆ ಗೀರು ಬೀಳುತ್ತದೆ. ಕಪ್ಪು ಫೋಮ್ ಹಾಳೆಯನ್ನು ಕೊಳವೆಯ ಬಾಯಿಗೆ ಸುತ್ತಿ, ಗಾಜಿನ ಅಗಲದ ಒಂದೂವರೆ ಪಟ್ಟು ಮುಂದಕ್ಕೆ ಚಾಚುವಂತೆ ಕಟ್ಟಿದರೆ ಒಂದೆರಡು ಗಂಟೆ ತಡೆಯುತ್ತದೆ. ಆಮೇಲೆ 12 ವೋಲ್ಟಿನ ಬಿಸಿಪಟ್ಟಿಯೇ ಬೇಕು.

ಒಳಗೆ ತಂದ ಮೇಲೆ ಮುಚ್ಚಳ ಹಾಕಬೇಡಿ. ಕೊಳವೆಯ ಬಾಯಿ ಸ್ವಲ್ಪ ಕೆಳಗೆ ಮಾಡಿ ಇಟ್ಟು, ಪೂರ್ತಿ ಒಣಗಿದ ಮೇಲೆ ಮುಚ್ಚಿ. ಮಳೆಗಾಲದ ನಾಲ್ಕು ತಿಂಗಳು ಗೋಡೆಯ ಬೀರುವಿನಲ್ಲಿಟ್ಟರೆ ಗಾಜಿಗೆ ಬೂಷ್ಟು ಹಿಡಿದು ಲೇಪನವನ್ನೇ ತಿನ್ನುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಜತೆ ಐಪೀಸುಗಳನ್ನು ಇಡಿ. ಹದಿನೈದು ದಿನಕ್ಕೊಮ್ಮೆ ಕಾಳುಗಳ ಬಣ್ಣ ನೋಡಿ. ಬದಲಾಗಿದ್ದರೆ ಅವನ್ನು ಬಿಸಿಮಾಡಿ ತೇವ ಕಳೆದು, ಆರಿಸಿ, ಮತ್ತೆ ಡಬ್ಬಿಗೆ ಹಾಕಿ. ಸೆಲ್ಲುಗಳನ್ನು ಹೊರಗೆ ತೆಗೆದಿಡಿ, ಸೋರಿದರೆ ಒಳಗಿನ ತಗಡು ತುಕ್ಕು ಹಿಡಿಯುತ್ತದೆ. ದೊಡ್ಡ ಬ್ಯಾಟರಿಗೆ ತಿಂಗಳಿಗೊಮ್ಮೆ ಚಾರ್ಜ್ ಕೊಡಿ. ನಮಸ್ಕಾರ.