ವಿಸಿಲ್ ಊದದ ಕೋಚ್ ಜಾನ್ ಗಲಾರ್ಡಿ

ಕೇಳ್ತಾ ಇರೋ ಎಲ್ರಿಗೂ ನಮಸ್ಕಾರ. ಇವತ್ತು ನಾನು ಅಮೆರಿಕದ ಒಬ್ಬ ಕಾಲೇಜು ಫುಟ್‌ಬಾಲ್ ಕೋಚ್ ಬಗ್ಗೆ ಮಾತಾಡೋಣ ಅಂತ ಬಂದಿದೀನಿ. ಹೆಸರು ಜಾನ್ ಗಲಾರ್ಡಿ. ಅಲ್ಲಿನ ಕಾಲೇಜು ಫುಟ್‌ಬಾಲ್ ಚರಿತ್ರೆಲಿ ಇವರಷ್ಟು ಮ್ಯಾಚ್ ಗೆದ್ದ ಕೋಚ್ ಇನ್ನೊಬ್ಬರಿಲ್ಲ, 489 ಗೆಲುವು, 138 ಸೋಲು, 11 ಟೈ. ಆದ್ರೆ ಅವರು ಇದನ್ನ ಮಾಡಿದ್ದು ಟೀವಿಲಿ ಬರೋ ದೊಡ್ಡ ಯೂನಿವರ್ಸಿಟಿಲಿ ಅಲ್ಲ, ಮಿನೆಸೋಟ ರಾಜ್ಯದ ಕಾಲೇಜ್‌ವಿಲ್ ಅನ್ನೋ ಪುಟ್ಟ ಜಾಗದಲ್ಲಿ, ಬೆನೆಡಿಕ್ಟೈನ್ ಅನ್ನೋ ಪಂಥದ ಕ್ರೈಸ್ತ ಸನ್ಯಾಸಿಗಳು ಕಟ್ಟಿದ ಸೇಂಟ್ ಜಾನ್ಸ್ ಅನ್ನೋ ಸಂಸ್ಥೆಲಿ.

ಆಟದ ಬಗ್ಗೆ ಒಂದೆರಡು ಮಾತು ಹೇಳ್ಬಿಡ್ತೀನಿ, ಇಲ್ಲಾಂದ್ರೆ ಮುಂದಿನದು ಗೊತ್ತಾಗಲ್ಲ. ಅಮೆರಿಕದವರ ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲ, ಉದ್ದುದ್ದ ಇರೋ ಚೆಂಡನ್ನ ಕೈಯಲ್ಲಿ ಹಿಡ್ಕೊಂಡು ಓಡೋದು, ಎಸೆಯೋದು, ಹಿಡಿಯೋದು, ಎದುರಿನವರು ಚೆಂಡು ಇರೋನ ಮೇಲೆ ಬಿದ್ದು ಕೆಡವೋದು. ಕೆಡವೋದಕ್ಕೆ ಟ್ಯಾಕಲ್ ಅಂತಾರೆ. ಕಬಡ್ಡಿಲಿ ರೈಡರ್‌ನ ಹಿಡಿದು ಉರುಳಿಸೋದು ನೋಡಿರ್ತೀರಲ್ಲ, ಅದನ್ನೇ ಇಬ್ಬರೂ ಹೆಲ್ಮೆಟ್ ಹಾಕ್ಕೊಂಡು ಪೂರ್ತಿ ಸ್ಪೀಡಲ್ಲಿ ಓಡಿ ಬಂದು ಮಾಡಿದ್ರೆ ಹೆಂಗಿರತ್ತೆ, ಹಂಗೆ. ಮೂಳೆ ಮುರಿಯತ್ತೆ, ತಲೆಗೆ ಏಟು ಬೀಳತ್ತೆ. ಮ್ಯಾಚಲ್ಲಿ ಮಾತ್ರ ಅಲ್ಲ, ಪ್ರಾಕ್ಟೀಸಲ್ಲೂ ದಿನಾ ಹಿಂಗೇ ಗುದ್ದಾಡಿದ್ರೇನೇ ಹುಡುಗರು ಗಟ್ಟಿ ಆಗ್ತಾರೆ ಅಂತ ಹೆಚ್ಚುಕಮ್ಮಿ ಎಲ್ಲ ಕೋಚ್‌ಗಳೂ ನಂಬಿದ್ದ ಕಾಲ ಅದು.

ಗಲಾರ್ಡಿ ಹುಟ್ಟಿದ್ದು 1926ರಲ್ಲಿ, ಕೊಲರಾಡೊದ ಟ್ರಿನಿಡಾಡ್ ಅನ್ನೋ ಕಲ್ಲಿದ್ದಲು ಗಣಿ ಸೀಮೆಯ ಊರಲ್ಲಿ, ಇಟಲಿಯಿಂದ ಬಂದವರ ಮನೆಲಿ. 1943ರಲ್ಲಿ ಅವರು ಹೈಸ್ಕೂಲ್ ಟೀಮಲ್ಲಿ ಆಡ್ತಿದ್ದಾಗ ಅವರ ಕೋಚನ್ನ ಮಹಾಯುದ್ಧಕ್ಕೆ ಸೈನ್ಯದವರು ಕರೆಸ್ಕೊಂಡ್ರು. ಕೋಚ್ ಇಲ್ಲ ಅಂದ್ಮೇಲೆ ಟೀಮೇ ಬೇಡ ಅಂತ ಸ್ಕೂಲಿನವರು ಯೋಚ್ನೆ ಮಾಡ್ತಿದ್ರು, ಆಗ ಈ 16 ವರ್ಷದ ಹುಡುಗ ಹೋಗಿ ನಾನೇ ನೋಡ್ಕೋತೀನಿ ಬಿಡಿ ಅಂತ ಒಪ್ಪಿಸಿದ. ಆಡೋನೂ ಅವನೇ, ಕೋಚೂ ಅವನೇ. ಆ ಹುಡುಗ ಮೊದಲು ಮಾಡಿದ್ದೇನು ಅಂದ್ರೆ ತನಗೆ, ತನ್ನ ಗೆಳೆಯರಿಗೆ ಯಾವ್ಯಾವುದು ಹಿಂಸೆ ಅನಿಸ್ತಿತ್ತೋ ಅದನ್ನೆಲ್ಲ ನಿಲ್ಲಿಸಿಬಿಟ್ಟ. ಮೈ ಮುರಿಯೋ ಡ್ರಿಲ್‌ಗಳು ಹೋದವು. ಪ್ರಾಕ್ಟೀಸ್ ನಡುವೆ ನೀರು ಕುಡಿಯಬಾರದು ಅಂತ ಆಗ ಒಂದು ನಂಬಿಕೆ ಇತ್ತು, ಅದೂ ಹೋಯ್ತು, ಬಾಯಾರಿದ್ರೆ ಕುಡೀರಪ್ಪ ಅಂದ. ಟೀಮ್ ಗೆಲ್ಲೋಕೆ ಶುರು ಮಾಡ್ತು! ನನಗೆ ಇವರ ಕತೆಲಿ ತುಂಬಾ ಇಷ್ಟ ಆಗೋ ಭಾಗ ಇದೇ, ಯಾಕಂದ್ರೆ ಮುಂದೆ ಅರವತ್ತು ಎಪ್ಪತ್ತು ವರ್ಷ ಅವರು ನಡೆಸಿದ ಪದ್ಧತಿ ಆಡೋ ಹುಡುಗನ ಅನುಭವದಿಂದ ಬಂದಿದ್ದು, ಮೇಲೆ ನಿಂತು ನೋಡೋನ ಲೆಕ್ಕಾಚಾರದಿಂದ ಬಂದಿದ್ದಲ್ಲ.

ಆಮೇಲೆ ಕೊಲರಾಡೊ ಕಾಲೇಜಲ್ಲಿ ಡಿಗ್ರಿ ಮುಗಿಸಿ 1949ರಲ್ಲಿ, ಇನ್ನೂ 22 ವರ್ಷಕ್ಕೇ, ಮೊಂಟಾನದ ಹೆಲೆನಾ ಊರಿನ ಕ್ಯಾರಲ್ ಕಾಲೇಜಿಗೆ ಹೆಡ್ ಕೋಚ್ ಆದ್ರು. ನಾಲ್ಕು ಸೀಸನ್‌ನಲ್ಲಿ 24 ಗೆದ್ದು ಆರು ಸೋತ್ರು. 1953ಕ್ಕೆ ಸೇಂಟ್ ಜಾನ್ಸ್‌ಗೆ ಬಂದ್ರು. ಅಲ್ಲಿ ಅವರಿಗಿಂತ ಮುಂಚೆ ಕೋಚ್ ಆಗಿದ್ದೋರು ಜಾನಿ ಬ್ಲಡ್ ಮೆಕ್‌ನ್ಯಾಲಿ, ಪ್ರೊಫೆಶನಲ್ ಫುಟ್‌ಬಾಲ್‌ನ ದೊಡ್ಡ ಸ್ಟಾರ್. ಅಂಥೋರು ಬಿಟ್ಟ ಜಾಗಕ್ಕೆ 26 ವರ್ಷದ, ಹೆಸರೇ ಗೊತ್ತಿಲ್ಲದ ಹುಡುಗ ಬಂದು ಕೂತ. ಸಣ್ಣ ಕಾಲೇಜು ಅಂದ್ಮೇಲೆ ಕೆಲಸ ಒಂದೇ ಇರಲ್ಲ ನೋಡಿ, ಐಸ್ ಹಾಕಿ ಟೀಮನ್ನೂ ಕೆಲವು ವರ್ಷ ಇವರೇ ನೋಡ್ಕೊಂಡ್ರು. ಫುಟ್‌ಬಾಲ್ ಬಗ್ಗೆ ಕ್ಲಾಸ್ ಕೂಡ ತಗೋತಿದ್ರು.

ಇನ್ನು ಅವರ ಪ್ರಾಕ್ಟೀಸ್ ವಿಷಯ. ಅದರಲ್ಲಿ ಟ್ಯಾಕಲ್ ಇಲ್ಲ. ಅಂದ್ರೆ ಸೀಸನ್ ಪೂರ್ತಿ, ತಮ್ಮ ಟೀಮಿನ ಹುಡುಗರೇ ಒಬ್ಬರನ್ನೊಬ್ಬರು ಕೆಡವೋ ಹಾಗೇ ಇಲ್ಲ. ಹಂಗಾದ್ರೆ ಕಲಿಯೋದು ಹೆಂಗೆ ಅಂತ ಎಲ್ಲರೂ ಕೇಳ್ತಿದ್ರು. ಅವರ ಲೆಕ್ಕ ಸರಳ, ಕೆಡವೋದು ಹುಡುಗರಿಗೆ ಬಂದೇ ಬರತ್ತೆ, ಬರದೇ ಇರೋದು ಎಲ್ಲಿ ನಿಲ್ಲಬೇಕು, ಯಾರು ಯಾವ ಕಡೆ ಓಡಬೇಕು ಅನ್ನೋ ತಿಳುವಳಿಕೆ, ಹಾಗಾಗಿ ಒಂದೇ ಪ್ಲೇ, ಅಂದ್ರೆ ಮೊದಲೇ ಗೊತ್ತುಮಾಡಿದ ಆಟದ ನಡೆ, ಅದನ್ನ ಮತ್ತೆ ಮತ್ತೆ, ಎಲ್ಲರಿಗೂ ನಿದ್ದೆಗಣ್ಣಲ್ಲೂ ಬರೋ ತನಕ ಮಾಡಿಸ್ತಿದ್ರು, ಅದೂ 90 ನಿಮಿಷದ ಒಳಗೆ. ಹುಡುಗರು ಓದ್ಕೋಬೇಕಲ್ಲ. ಮೈಯಲ್ಲಿ ಪೆಟ್ಟಿಲ್ಲದ ಹುಡುಗರು ಶನಿವಾರದ ಮ್ಯಾಚಿಗೆ ತಾಜಾ ಆಗಿ ಬರ್ತಿದ್ರು, ಎದುರಿನ ಟೀಮಿನವರು ವಾರವೆಲ್ಲ ತಮ್ಮತಮ್ಮಲ್ಲೇ ಗುದ್ದಾಡಿ ಅರ್ಧ ಜನ ಬ್ಯಾಂಡೇಜ್ ಸುತ್ಕೊಂಡು ಬರ್ತಿದ್ರು. ವಿಸಿಲ್ ಊದ್ತಿರ್ಲಿಲ್ಲ. ದಪ್ಪ ಪ್ಲೇಬುಕ್ ಬಾಯಿಪಾಠ ಮಾಡಿ ಅಂತಿರ್ಲಿಲ್ಲ. ಜಿಮ್‌ಗೆ ಹೋಗ್ಲೇಬೇಕು ಅನ್ನೋ ಕಡ್ಡಾಯ ಇಲ್ಲ. ಹವಾಮಾನ ತೀರಾ ಕೆಟ್ಟಿದ್ರೆ ಮೈದಾನಕ್ಕೇ ಹೋಗ್ತಿರ್ಲಿಲ್ಲ. ಟೀಮಿಗೆ ಸೇರಬೇಕು ಅಂತ ಬಂದೋರನ್ನ ಯಾರನ್ನೂ ವಾಪಸ್ ಕಳಿಸ್ತಿರ್ಲಿಲ್ಲ, ಕೆಲವು ವರ್ಷ 150ಕ್ಕಿಂತ ಹೆಚ್ಚು ಹುಡುಗರು ಯೂನಿಫಾರ್ಮ್ ಹಾಕ್ಕೊಂಡು ನಿಂತಿರ್ತಿದ್ರು. ಒಂದು ಡ್ರಿಲ್ ಅಂತೂ ಹೆಂಗಿತ್ತು ಅಂದ್ರೆ, ಎಲ್ಲರೂ ಹುಲ್ಲಿನ ಮೇಲೆ ಅಂಗಾತ ಮಲಗಿ ಆಕಾಶ ನೋಡ್ತಾ ಪಕ್ಕದೋನಿಗೆ ಇವತ್ತು ದಿನ ಎಷ್ಟು ಚೆನ್ನಾಗಿದೆ ಅಲ್ವಾ ಅಂತ ಹೇಳೋದು.

ಇನ್ನೊಂದು, ಅವರನ್ನ ಯಾರೂ ಕೋಚ್ ಅಂತ ಕರೆಯೋ ಹಾಗಿರ್ಲಿಲ್ಲ, ಜಾನ್ ಅಂತಲೇ ಕರೀಬೇಕು. ನಮ್ಮಲ್ಲಿ ಪಿಟಿ ಮೇಷ್ಟ್ರನ್ನ ಹೆಸರು ಹಿಡಿದು ಕರೆಯೋದು ಕನಸಲ್ಲೂ ಆಗಲ್ಲ, ಆದ್ರೆ ಎಂಬತ್ತು ದಾಟಿದ ಮೇಲೂ 18 ವರ್ಷದ ಹುಡುಗರು ಅವರನ್ನ ಜಾನ್ ಅಂತಿದ್ರು, ಹಾಗಂತ ಗೌರವ ಕಮ್ಮಿ ಇತ್ತಾ ಅಂದ್ರೆ ಖಂಡಿತ ಇಲ್ಲ.

ಸೇಂಟ್ ಜಾನ್ಸ್ ಆಡೋದು ಡಿವಿಷನ್ ತ್ರೀನಲ್ಲಿ, ಅಂದ್ರೆ ಅಮೆರಿಕದ ಕಾಲೇಜು ಆಟಗಳ ಮೂರನೇ ಹಂತದಲ್ಲಿ. ಅಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡೋ ಹಾಗಿಲ್ಲ, ಅಂದ್ರೆ ಆಡೋ ಹುಡುಗ ಫೀಸ್ ಕಟ್ಟಿ ಓದೋನೇ. ಹೀಗಿದ್ದೂ ನಾಲ್ಕು ನ್ಯಾಷನಲ್ ಚಾಂಪಿಯನ್‌ಶಿಪ್ ಬಂತು, 1963, 1965, 1976, 2003. ಟ್ಯಾಕಲ್ ಮಾಡಿಸದ ಕೋಚ್ ಅಂದ್ರೆ ಮೆತ್ತಗಿನ ಟೀಮ್ ಅಂದ್ಕೋಬೇಡಿ, 1993ರಲ್ಲಿ ಮ್ಯಾಚಿಗೆ ಸರಾಸರಿ 61.5 ಪಾಯಿಂಟ್ ಹೊಡೆದ್ರು!

2003 ಅಂತೂ ಅವರ ವರ್ಷ. ಅದುವರೆಗೂ ದಾಖಲೆ ಎಡ್ಡಿ ರಾಬಿನ್ಸನ್ ಅವರ ಹೆಸರಲ್ಲಿತ್ತು, ಲೂಸಿಯಾನದ ಗ್ರ್ಯಾಂಬ್ಲಿಂಗ್ ಅನ್ನೋ ಕಾಲೇಜಲ್ಲಿ, ಕರಿಯರಿಗೆ ಎಷ್ಟೋ ಕಾಲೇಜುಗಳ ಬಾಗಿಲು ಮುಚ್ಚಿದ್ದ ಕಾಲದಿಂದ ಟೀಮ್ ಕಟ್ಟಿ 408 ಗೆದ್ದವರು, ಅವರದು ಇನ್ನೊಂದು ಇಡೀ ಭಾಷಣಕ್ಕೆ ಆಗುವಷ್ಟು ದೊಡ್ಡ ಜೀವನ. ನವೆಂಬರ್ 8ರಂದು ಬೆತೆಲ್ ಟೀಮಿನ ಮೇಲೆ 29–26, ಮೂರೇ ಪಾಯಿಂಟ್ ಅಂತರದಲ್ಲಿ ಗೆದ್ದು ಗಲಾರ್ಡಿ 409 ಮುಟ್ಟಿದ್ರು, ಆಗ ಅವರಿಗೆ 77. ಅದೇ ಡಿಸೆಂಬರಲ್ಲಿ ಫೈನಲ್, ಎದುರಿಗೆ ಮೌಂಟ್ ಯೂನಿಯನ್, 55 ಮ್ಯಾಚ್ ಸತತ ಗೆದ್ದು ಬಂದ ಟೀಮು. ಸೇಂಟ್ ಜಾನ್ಸ್ 24–6ರಲ್ಲಿ ಅವರನ್ನ ಸೋಲಿಸ್ತು. ಡಿವಿಷನ್ ತ್ರೀ ಗೆಲುವನ್ನ ದೊಡ್ಡೋರ ಗೆಲುವಿನ ಜೊತೆ ಲೆಕ್ಕಕ್ಕೆ ಹಿಡಿಯೋದು ಸರೀನಾ ಅಂತ ಕೇಳೋರಿದ್ದಾರೆ. ನನ್ನ ಪ್ರಕಾರ ಸರೀನೇ, ಎದುರಿಗಿದ್ದ ಟೀಮುಗಳಿಗೆ ಇದ್ದ ಅನುಕೂಲವೇ ಇವರಿಗೂ ಇದ್ದಿದ್ದು, ಅದಕ್ಕಿಂತ ಹೆಚ್ಚೇನೂ ಇರ್ಲಿಲ್ಲ.

2006ರಲ್ಲಿ, ಇನ್ನೂ ಕೋಚ್ ಆಗಿರುವಾಗಲೇ, ಆಟದ ದಿಗ್ಗಜರನ್ನ ಗೌರವಿಸೋ ಕಾಲೇಜ್ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಅವರನ್ನ ಆಯ್ಕೆ ಮಾಡಿದ್ರು. ಕೊನೆಯ ಒಂದೆರಡು ಸೀಸನ್ ಮೊದಲಿನ ಹಾಗೆ ಗೆಲುವು ಬರ್ಲಿಲ್ಲ, 2012ರ ನವೆಂಬರಲ್ಲಿ ನಿವೃತ್ತಿ ತಗೊಂಡ್ರು. ಒಂದೇ ಜಾಗದಲ್ಲಿ 60 ಸೀಸನ್, ಕ್ಯಾರಲ್ ಸೇರಿಸಿದ್ರೆ 64. ಅವರ ಜೊತೆ ವರ್ಷಗಟ್ಟಲೆ ಅಸಿಸ್ಟೆಂಟ್ ಆಗಿದ್ದ ಗ್ಯಾರಿ ಫ್ಯಾಶಿಂಗ್ ಮುಂದಿನ ಕೋಚ್ ಆದ್ರು.

ಈಗ ನಾನು ಇವರ ವಿಷಯ ಯಾಕೆ ಎತ್ಕೊಂಡೆ ಅಂತ ಹೇಳ್ತೀನಿ. ಫುಟ್‌ಬಾಲ್ ಆಡಿದ ಎಷ್ಟೋ ಜನರಿಗೆ ಪದೇಪದೇ ತಲೆಗೆ ಏಟು ಬಿದ್ದು ವಯಸ್ಸಾದ ಮೇಲೆ ಮೆದುಳಿನ ಕಾಯಿಲೆ ಬರತ್ತೆ ಅನ್ನೋದು ಈಗ ಎಲ್ಲರಿಗೂ ಗೊತ್ತಾಗಿದೆ. 2010ರಲ್ಲಿ ಡಾರ್ಟ್‌ಮತ್ ಕಾಲೇಜಿನ ಕೋಚ್ ಬಡ್ಡಿ ಟೀವೆನ್ಸ್ ಪ್ರಾಕ್ಟೀಸಲ್ಲಿ ಟ್ಯಾಕಲ್ ನಿಲ್ಲಿಸಿದ್ರು, 2011ರಲ್ಲಿ ಪ್ರೊಫೆಶನಲ್ ಲೀಗಾದ ಎನ್‌ಎಫ್‌ಎಲ್ ಸೀಸನ್ ಮಧ್ಯೆ ಪ್ಯಾಡ್ ಹಾಕ್ಕೊಂಡು ಮಾಡೋ ಪ್ರಾಕ್ಟೀಸನ್ನ 14ಕ್ಕೆ ಇಳಿಸ್ತು, 2016ರಲ್ಲಿ ಹಾರ್ವರ್ಡ್, ಯೇಲ್‌ನಂಥ ಹೆಸರಾಂತ ಕಾಲೇಜುಗಳು ಆಡೋ ಐವಿ ಲೀಗ್‌ನ ಎಂಟೂ ಟೀಮಿನ ಕೋಚ್‌ಗಳು ಸೀಸನ್ ನಡೀತಿರುವಾಗ ಪ್ರಾಕ್ಟೀಸಲ್ಲಿ ಟ್ಯಾಕಲ್ ಬೇಡ ಅಂತ ಒಪ್ಕೊಂಡ್ರು. ಎಲ್ಲರೂ ಅದನ್ನ ಹೊಸ ಯೋಚ್ನೆ ಅಂತ ಹೊಗಳಿದ್ರು. ಆಗ ಗಲಾರ್ಡಿಗೆ 89 ವರ್ಷ. 2018ರ ಅಕ್ಟೋಬರ್ 7ಕ್ಕೆ, 91ನೇ ವಯಸ್ಸಲ್ಲಿ ತೀರ್ಕೊಂಡ್ರು. ಅವರ ಕೈಯಲ್ಲಿ ಆಡಿದ ಸಾವಿರಾರು ಹುಡುಗರು, ಈಗ ಅವರಲ್ಲಿ ಬೇಕಾದಷ್ಟು ಜನ ತಾತಂದಿರು, ಕಾಲೇಜಿದ್ದ ವರ್ಷಗಳಲ್ಲಿ ಪ್ರಾಕ್ಟೀಸ್ ಮೈದಾನದಲ್ಲಿ ಆ ಏಟುಗಳನ್ನ ತಿನ್ನಲಿಲ್ಲ. 489 ಅನ್ನೋ ನಂಬರ್‌ಗಿಂತ ನನಗೆ ಅದೇ ದೊಡ್ಡದು. ನಮಸ್ಕಾರ.