ಒರಿಜಿನಲ್ ಬೀರುವಿನಲ್ಲಿದೆ

ಕೇಳುಗರಿಗೆ ನಮಸ್ಕಾರ.

ನಮ್ಮಮ್ಮ ಮೊದಲ ಸಲ ವಿಮಾನ ಹತ್ತಿದ್ದು ಎಪ್ಪತ್ತು ದಾಟಿದ ಮೇಲೆ, ಕಾಶಿಗೆ. ಕೋಡುಬಳೆ ಡಬ್ಬಿ, ಬಿಪಿ ಮಾತ್ರೆ, ಶಾಲು, ಎಲ್ಲ ನೆನಪಿಟ್ಟು ಕಟ್ಟಿಕೊಂಡಿದ್ದರು. ನಿಲ್ದಾಣದ ಬಾಗಿಲಲ್ಲಿ ನಿಂತಿದ್ದ ಸಿಬ್ಬಂದಿ ಟಿಕೆಟ್ ನೋಡಿ ಐಡಿ ಕೇಳಿದರು. ಅಮ್ಮ ಪರ್ಸಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದುಕೊಟ್ಟರು. ಆಧಾರ್ ಕಾರ್ಡಿನ ಜೆರಾಕ್ಸ್!

"ಒರಿಜಿನಲ್ ಎಲ್ಲಮ್ಮಾ?" ಅಂದೆ.

"ಬೀರುವಿನಲ್ಲಿದೆ. ಕಳೆದುಹೋದ್ರೆ ಯಾರು ಮಾಡಿಸ್ಕೊಡ್ತಾರೆ?"

ಜೆರಾಕ್ಸ್ ನಡೆಯುವುದಿಲ್ಲ. ಬ್ಯಾಂಕಿನಲ್ಲಿ, ಸಿಮ್ ಅಂಗಡಿಯಲ್ಲಿ ಜೆರಾಕ್ಸ್ ಕೊಟ್ಟು ಕೊಟ್ಟು ನಮಗೆ ಅಭ್ಯಾಸವಾಗಿದೆ. ಆದರೆ ವಿಮಾನ ನಿಲ್ದಾಣದಲ್ಲಿ ಮುಖ, ಕಾರ್ಡು, ಟಿಕೆಟ್ ಮೂರನ್ನೂ ಹೋಲಿಸಿ ನೋಡುತ್ತಾರೆ. ಮೂಲ ಕಾರ್ಡೇ ಬೇಕು.

ಪಕ್ಕಕ್ಕೆ ನಿಂತು ನನ್ನ ಫೋನಿನಲ್ಲಿ ಡಿಜಿಲಾಕರ್ ತೆರೆದೆ. ಅದು ಸರ್ಕಾರದ ಆ್ಯಪ್, ಅದರಲ್ಲಿ ತೋರಿಸುವ ಕಾರ್ಡು ಮೂಲ ಕಾರ್ಡಿಗೆ ಸಮ. ಅಮ್ಮನ ಆಧಾರ್ ಅದರಲ್ಲಿ ಬರಬೇಕಾದರೆ ಓಟಿಪಿ ಬೇಕು. ಓಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ. ಆ ನಂಬರು ಅಪ್ಪನದು. ಅಪ್ಪ ಮನೆಯಲ್ಲಿ. ಫೋನ್ ಮಾಡಿದರೆ ಅವರು ಮೊದಲು ಓದಿ ಹೇಳಿದ್ದು ಗ್ಯಾಸ್ ಸಿಲಿಂಡರಿನ ನಂಬರು. ಎರಡನೇ ಸಲ ಕನ್ನಡಕ ಹಾಕಿಕೊಂಡು ಸರಿಯಾಗಿ ಓದಿದರು. ಸದ್ಯ, ಬೇಗ ಬಂದಿದ್ದೆವು. ಹೆಚ್ಚಿನ ವಿಮಾನ ಕಂಪನಿಗಳು ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಚೆಕ್-ಇನ್ ಕೌಂಟರ್ ಮುಚ್ಚುತ್ತವೆ.

ದೇಶದೊಳಗಿನ ಪ್ರಯಾಣಕ್ಕೆ ಆಧಾರ್ ಒಂದೇ ಆಗಬೇಕು ಅಂತೇನಿಲ್ಲ. ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2017ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಪಟ್ಟಿಯಲ್ಲಿ ಹತ್ತು ಬಗೆಯ ದಾಖಲೆಗಳಿವೆ. ಪಾಸ್‌ಪೋರ್ಟ್, ವೋಟರ್ ಐಡಿ, ಪ್ಯಾನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಸರ್ಕಾರಿ ನೌಕರರ ಗುರುತಿನ ಚೀಟಿ, ಇವೆಲ್ಲ ನಡೆಯುತ್ತವೆ. ಫೋಟೋ ಇರುವ ಪಿಂಚಣಿ ಕಾರ್ಡು, ದೃಢೀಕರಿಸಿದ ಫೋಟೋ ಇರುವ ರಾಷ್ಟ್ರೀಕೃತ ಬ್ಯಾಂಕಿನ ಪಾಸ್‌ಬುಕ್ಕೂ ಅದರಲ್ಲಿವೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಯಾವುದೂ ಇಲ್ಲದವರು ಗ್ರೂಪ್ ಎ ಗೆಜೆಟೆಡ್ ಅಧಿಕಾರಿಯ ಲೆಟರ್‌ಹೆಡ್‌ನಲ್ಲಿ, ಫೋಟೋ ಅಂಟಿಸಿ ದೃಢೀಕರಿಸಿದ ಪತ್ರ ತರಬಹುದು.

ನನ್ನನ್ನು ಕೇಳಿದರೆ, ಕಾರ್ಡಿಗಿಂತ ಜಾಸ್ತಿ ತಲೆನೋವು ಹೆಸರಿನದು. ಅದರಲ್ಲೂ ನಮ್ಮ ಹಳೇ ಮೈಸೂರು ಕಡೆಯವರಿಗೆ. ಹೆಚ್. ಎಸ್. ಮಂಜುನಾಥ ಅಂತ ಇಟ್ಟುಕೊಳ್ಳಿ. ಹೆಚ್ ಅಂದರೆ ಊರು, ಎಸ್ ಅಂದರೆ ಅಪ್ಪ. ಟಿಕೆಟ್ ಬುಕ್ ಮಾಡುವಾಗ ಮೊದಲ ಹೆಸರು, ಕೊನೆಯ ಹೆಸರು ಅಂತ ಎರಡು ಖಾನೆ ಬರುತ್ತವೆ. ಎರಡನೆಯದಕ್ಕೆ ಏನು ಹಾಕೋದು? ಒಂದೇ ಅಕ್ಷರ ಹಾಕಿದರೆ ಕೆಲವು ಕಡೆ ಒಪ್ಪುವುದೇ ಇಲ್ಲ. ಮಗ ಒಂದು ಥರ ತುಂಬುತ್ತಾನೆ, ಏಜೆಂಟ್ ಇನ್ನೊಂದು ಥರ. ಹುಬ್ಬಳ್ಳಿ, ಬೆಳಗಾವಿ ಕಡೆಯವರಿಗೆ ಅಡ್ಡಹೆಸರು ಇರುವುದರಿಂದ ಈ ಪೇಚಾಟ ಕಡಿಮೆ. ಪುಣ್ಯವಂತರು!

ಇನ್ನು ಸ್ಪೆಲ್ಲಿಂಗು. ಲಕ್ಷ್ಮಿ ಅನ್ನುವುದಕ್ಕೆ ಒಬ್ಬರು ಕೆ-ಎಸ್-ಎಚ್ ಹಾಕುತ್ತಾರೆ, ಇನ್ನೊಬ್ಬರು ಎಕ್ಸ್ ಹಾಕಿ ಮುಗಿಸುತ್ತಾರೆ. ಹೊಸದಾಗಿ ಮದುವೆಯಾದವರ ಟಿಕೆಟ್ಟಿನಲ್ಲಿ ಗಂಡನ ಹೆಸರು ಸೇರಿರುತ್ತದೆ, ಕಾರ್ಡಿನಲ್ಲಿ ಅಪ್ಪನ ಹೆಸರೇ ಇರುತ್ತದೆ. ಅದಕ್ಕೇ ಬುಕ್ ಮಾಡುವ ಮೊದಲು ಕಾರ್ಡನ್ನು ಎದುರಿಗಿಟ್ಟುಕೊಳ್ಳಿ. ಅದರಲ್ಲಿ ಹೇಗಿದೆಯೋ ಹಾಗೇ ಅಕ್ಷರ ಅಕ್ಷರ ನೋಡಿ ತುಂಬಿ. ಸಣ್ಣ ತಪ್ಪಾಗಿದ್ದರೆ ಕಂಪನಿಗೆ ಫೋನ್ ಮಾಡಿ, ಪ್ರಯಾಣಕ್ಕೆ ಮುಂಚೆಯೇ ತಿದ್ದಿಸಿ. ಬಾಗಿಲಲ್ಲಿ ನಿಂತವರ ಹತ್ತಿರ ವಾದ ಮಾಡಿ ಉಪಯೋಗವಿಲ್ಲ. ಅದು ಅವರ ಕೈಯಲ್ಲಿ ಇರುವುದೂ ಇಲ್ಲ.

ಮಕ್ಕಳ ವಿಷಯ ಸುಲಭ. ಅಪ್ಪ ಅಮ್ಮನ ಜೊತೆ ಹೋಗುವ ಮಕ್ಕಳಿಗೆ ಬೇರೆ ಐಡಿ ಕೇಳುವುದಿಲ್ಲ. ಎರಡು ವರ್ಷದೊಳಗಿನ ಕೂಸನ್ನು ತೊಡೆ ಮೇಲೆ ಕೂರಿಸಿಕೊಂಡು ಹೋಗುವುದಾದರೆ ಕಂಪನಿಯವರು ವಯಸ್ಸಿಗೆ ಪುರಾವೆ ಕೇಳುತ್ತಾರೆ. ಜನನ ಪ್ರಮಾಣಪತ್ರ ಇಟ್ಟುಕೊಳ್ಳಿ.

ಮುಖ ತೋರಿಸಿ ಒಳಗೆ ಹೋಗುವ ಡಿಜಿಯಾತ್ರಾ ಬಗ್ಗೆಯೂ ಕೇಳಿರುತ್ತೀರಿ. 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು ಮತ್ತು ನಮ್ಮಮ್ಮ ಹೋದ ವಾರಾಣಸಿಯಲ್ಲೇ ಅದು ಮೊದಲು ಶುರುವಾಗಿದ್ದು. ಮನೆಯಲ್ಲೇ ಆ್ಯಪ್‌ನಲ್ಲಿ ಆಧಾರ್ ಮತ್ತು ಮುಖ ಜೋಡಿಸಿಟ್ಟು, ಬೋರ್ಡಿಂಗ್ ಪಾಸ್ ಹಾಕಬೇಕು. ಬೇಕಾದವರು ಮಾಡಿಕೊಳ್ಳಬಹುದು, ಕಡ್ಡಾಯವೇನಲ್ಲ. ಅದಿದ್ದರೂ ಕಾರ್ಡು ಜೇಬಿನಲ್ಲಿರಲಿ. ಫೋನಿನ ಚಾರ್ಜು ಯಾವಾಗ ಕೈಕೊಡುತ್ತೋ ಹೇಳೋಕಾಗಲ್ಲ, ಅಲ್ವಾ?

ಕಾಶಿಯಿಂದ ಬಂದ ಮೇಲೆ ಅಮ್ಮನಿಗೆ ಆಧಾರ್‌ನ ಪಿವಿಸಿ ಕಾರ್ಡು, ಅಂದರೆ ಪ್ಲಾಸ್ಟಿಕ್ಕಿನದು, ತರಿಸಿ ಪರ್ಸಿಗೆ ಹಾಕಿಕೊಟ್ಟೆ. ಮೊನ್ನೆ ಪರ್ಸ್ ತೆಗೆದು ನೋಡಿದರೆ ಪಿವಿಸಿ ಕಾರ್ಡಿನ ಜೆರಾಕ್ಸ್ ಇದೆ. ಕಾರ್ಡು ಬೀರುವಿನಲ್ಲಿದೆ.

ನಮಸ್ಕಾರ.