ಮೊದಲು ಬೂಟು ನೋಡಿ

ಕೇಳುಗರಿಗೆ ನಮಸ್ಕಾರ. ಮಳೆಗಾಲ ಹತ್ತಿರ ಬಂತು. ಇನ್ನು ಸ್ವಲ್ಪ ದಿನಕ್ಕೆ ಶಿರಾಡಿ ಘಾಟಿ, ಸಕಲೇಶಪುರ, ಮೂಡಿಗೆರೆ ಕಡೆಯ ರಸ್ತೆಗಳಲ್ಲಿ ನೀರೆಲ್ಲಿ, ಗುಂಡಿಯೆಲ್ಲಿ ಗೊತ್ತಾಗುವುದಿಲ್ಲ. ಹಾಗಾಗಿ ಇವತ್ತು ನಿಮ್ಮ ಕಾರಿನ ಕೆಳಗಿರುವ ಒಂದು ಚಿಕ್ಕ ಭಾಗದ ಬಗ್ಗೆ ಹೇಳುತ್ತೇನೆ. ಅದರ ಹೆಸರು ಬಾಲ್ ಜಾಯಿಂಟ್. ಆಲ್ಟೊ ಇರಲಿ, ವ್ಯಾಗನ್ ಆರ್ ಇರಲಿ, ಅಪ್ಪ ಜೋಪಾನವಾಗಿ ಇಟ್ಟುಕೊಂಡಿರುವ ಹಳೇ ಮಾರುತಿ 800 ಇರಲಿ, ಮುಂದಿನ ಚಕ್ರಗಳ ಹಿಂದೆ ಒಂದೊಂದು ಬಾಲ್ ಜಾಯಿಂಟ್ ಇದೆ.

ನಾನು ಹೇಳುವುದು ಒಂದೇ ಮಾತು. ಮೊದಲು ಬೂಟು ನೋಡಿ. ಕಾಲಿಗೆ ಹಾಕುವ ಬೂಟಲ್ಲ, ಬಾಲ್ ಜಾಯಿಂಟನ್ನು ಮುಚ್ಚಿರುವ ರಬ್ಬರ್ ಬೂಟು. ಒಲೆ ಮೇಲೆ ಹಾಲಿಟ್ಟು ಬಂದಿದ್ದರೆ ಈಗಲೇ ಎದ್ದು ಹೋಗಿ, ಪರವಾಗಿಲ್ಲ. ಇಷ್ಟು ನೆನಪಿದ್ದರೆ ಸಾಕು.

ಹೋಗದೆ ಉಳಿದವರಿಗೆ ಸ್ವಲ್ಪ ವಿವರ. ಕಾರಿನ ಅಡಿಯಿಂದ ಚಕ್ರದ ಕಡೆಗೆ ಒಂದು ಕಬ್ಬಿಣದ ತೋಳು ಚಾಚಿರುತ್ತದೆ. ಗ್ಯಾರೇಜಿನವರು ಅದಕ್ಕೆ ಲೋವರ್ ಆರ್ಮ್ ಅನ್ನುತ್ತಾರೆ. ಚಕ್ರ ಕೂತಿರುವ ಭಾಗಕ್ಕೆ ನಕಲ್ ಅನ್ನುತ್ತಾರೆ. ಇವೆರಡನ್ನೂ ಸೇರಿಸಿ ಹಿಡಿದಿರುವುದೇ ಬಾಲ್ ಜಾಯಿಂಟ್. ಗುಂಡಿ ಸಿಕ್ಕಾಗ ಚಕ್ರ ಮೇಲೆ ಕೆಳಗೆ ಆಡಬೇಕು. ಸ್ಟೇರಿಂಗ್ ತಿರುಗಿಸಿದಾಗ ಎಡಕ್ಕೆ ಬಲಕ್ಕೆ ಹೊರಳಬೇಕು. ಎರಡೂ ಒಟ್ಟಿಗೇ ಆಗಬೇಕು. ಅದಕ್ಕೇ ಒಂದು ಉಕ್ಕಿನ ಗುಂಡು, ಅದು ಕೂರಲು ಒಂದು ಬಟ್ಟಲು. ನಮ್ಮ ಹಳೇ ಮನೆಗಳ ಒರಳುಕಲ್ಲು, ಗುಂಡುಕಲ್ಲು ನೆನಪು ಮಾಡಿಕೊಳ್ಳಿ. ಒರಳಿಗೆ ಮರಳು ಬಿದ್ದರೆ ಏನಾಗುತ್ತೆ? ಕಲ್ಲೇ ಸವೆಯುತ್ತೆ, ಅಲ್ವಾ? ಇಲ್ಲೂ ಅದೇ. ಮರಳು ಬೀಳದ ಹಾಗೆ ತಡೆಯುವುದು ಆ ರಬ್ಬರ್ ಬೂಟು.

ಅಂಬಾಸಡರ್ ಕಾಲದಲ್ಲಿ ಗ್ರೀಸ್ ನಿಪ್ಪಲ್, ಅಂದರೆ ಗ್ರೀಸ್ ತುಂಬಲು ಒಂದು ಸಣ್ಣ ಮೂತಿ ಇರುತ್ತಿತ್ತು. ಗನ್ ಹಿಡಿದು ಗ್ರೀಸ್ ಹೊಡೆಸಿದರೆ ಸರಿಹೋಗುತ್ತಿತ್ತು. ಈಗಿನ ಸಣ್ಣ ಕಾರುಗಳಲ್ಲಿ ಅದಿಲ್ಲ. ಫ್ಯಾಕ್ಟರಿಯಲ್ಲಿ ತುಂಬಿದ ಗ್ರೀಸೇ ಕೊನೆತನಕ. ಅಂದರೆ ಬಾಲ್ ಜಾಯಿಂಟನ್ನು ನೋಡಿಕೊಳ್ಳುವುದು ಅಂದರೆ ಬೂಟನ್ನು ನೋಡಿಕೊಳ್ಳುವುದು. ಬೇರೇನೂ ಇಲ್ಲ.

ಒಬ್ಬ ಮೇಷ್ಟ್ರ ಕಥೆ ಹೇಳುತ್ತೇನೆ. ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ಊರು ಸಕಲೇಶಪುರದ ಹತ್ತಿರ. ಕಾರನ್ನು ತುಂಬಾ ಚೆನ್ನಾಗಿ ಇಟ್ಟುಕೊಂಡವರು. ಪ್ರತಿ ಭಾನುವಾರ ತೊಳೆಯುತ್ತಾರೆ, ಡ್ಯಾಶ್‌ಬೋರ್ಡ್ ಹೊಳೆಯುತ್ತೆ. ಅವರ ಕಾರಿಗೆ ಒಂದು ಟಕ್ ಟಕ್ ಸದ್ದು ಅಂಟಿಕೊಂಡಿತು. ಹಂಪಿನ ಮೇಲೆ ನಿಧಾನಕ್ಕೆ ಹೋದರೆ ಟಕ್. ಒಂದು ಗ್ಯಾರೇಜಿಗೆ ಹೋದರು. ಶಾಕ್ ಅಬ್ಸಾರ್ಬರ್ ಹೋಗಿದೆ ಸಾರ್ ಅಂದರು. ಎರಡೂ ಹೊಸದು ಹಾಕಿಸಿದರು. ಸಣ್ಣ ಖರ್ಚಲ್ಲ ಅದು. ಮನೆ ಗೇಟಿನ ಹತ್ತಿರ ಬಂದರು, ಟಕ್! ಇನ್ನೊಬ್ಬರು ಲಿಂಕ್ ರಾಡ್ ಅಂದರು. ಅದನ್ನೂ ಬದಲಿಸಿದರು. ಟಕ್! ಮೇಷ್ಟ್ರು ತಾವೇ ಸಂಶೋಧನೆಗೆ ಇಳಿದರು. ಡಿಕ್ಕಿಯಲ್ಲಿರುವ ಜ್ಯಾಕ್ ಅಲ್ಲಾಡುತ್ತಿದೆ ಅಂತ ಅದನ್ನು ಗೋಣಿಚೀಲದಲ್ಲಿ ಸುತ್ತಿ ಕಟ್ಟಿದರು. ಸ್ಟೆಪ್ನಿ ಇಳಿಸಿ ಮನೆಯಲ್ಲಿಟ್ಟರು. ಕೊನೆಗೆ ಅವರು ಕಂಡುಕೊಂಡ ಉಪಾಯ ಕೇಳಿದರೆ ಆಕಾಶವಾಣಿಯವರು ಬೇಜಾರು ಮಾಡಿಕೊಳ್ಳಬಾರದು. ರೇಡಿಯೊ ಜೋರು ಮಾಡಿಕೊಂಡು ಓಡಿಸತೊಡಗಿದರು.

ಒಂದು ದಿನ ತಾಯಿಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಹಾಸನಕ್ಕೆ ಬಂದವರು, ಹಾಗೇ ನನ್ನ ಗ್ಯಾರೇಜಿಗೂ ಬಂದರು. ಮೇಷ್ಟ್ರು ಶಾಕ್ ಅಬ್ಸಾರ್ಬರಿನ ಬಿಲ್ಲು ತೋರಿಸುತ್ತಾ ಎಲ್ಲ ವರದಿ ಒಪ್ಪಿಸುತ್ತಿದ್ದರು. ಮುಂದಿನ ಸೀಟಿನಲ್ಲಿ ಕೂತಿದ್ದ ಅಜ್ಜಿಯನ್ನು ನಾನು ಕೇಳಿದೆ, "ಅಮ್ಮಾ, ನಿಮಗೇನಾದರೂ ಗೊತ್ತಾಯ್ತಾ?" ಅಜ್ಜಿ ತಕ್ಷಣ ಹೇಳಿದರು: "ಸದ್ದು ಅವನ ಕಡೆ ಅಲ್ಲಪ್ಪಾ, ನನ್ನ ಕಾಲ ಕೆಳಗೆ. ಗೇಟಿಗೆ ತಿರುಗಿಸುವಾಗ ಪಾದಕ್ಕೇ ತಾಗುತ್ತೆ. ಯುಗಾದಿಯಿಂದ ಹೇಳ್ತಾನೇ ಇದೀನಿ, ಇವನು ಕೇಳಲ್ಲ."

ಅರ್ಧ ಕೆಲಸ ಅಲ್ಲೇ ಮುಗಿಯಿತು. ಎಡಗಡೆ ಮುಂದಿನ ಚಕ್ರ. ರಸ್ತೆ ಅಂಚಿನ ಗುಂಡಿಗೆ ಜಾಸ್ತಿ ಇಳಿಯುವುದೂ ಅದೇ ತಾನೇ? ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ಚಕ್ರದ ಹಿಂದೆ ಟಾರ್ಚ್ ಬಿಟ್ಟೆ. ಬೂಟು ಹರಿದಿತ್ತು. ಅಂಚಿನಲ್ಲಿ ಗ್ರೀಸ್ ಒಣಗಿ, ಮಣ್ಣು ಮೆತ್ತಿ, ತುಕ್ಕಿನ ಕೆಂಪು ನೀರು ಇಳಿದಿತ್ತು. ಮೇಷ್ಟ್ರು ಬಗ್ಗಿ ನೋಡಿ, "ಅಷ್ಟೇನಾ ಸಾರ್?" ಅಂದರು. ಅಷ್ಟೇ. ಕಾರಿನ ಮೈ ಪ್ರತಿ ಭಾನುವಾರ ತೊಳೆದಿದ್ದಾರೆ. ಬೂಟು ಮಾತ್ರ ನೋಡಿಲ್ಲ.

ಆಮೇಲೆ ಚಕ್ರ ಎತ್ತಿ, ಕಾರಿಗೆ ಸ್ಟ್ಯಾಂಡ್ ಕೊಟ್ಟು, ಚಕ್ರದ ತಲೆಗೆ ಒಂದು ಕೈ, ಬುಡಕ್ಕೆ ಒಂದು ಕೈ ಹಾಕಿ ಅಲ್ಲಾಡಿಸಿದೆವು. ಆಟ ಇತ್ತು, ಅಂದರೆ ಚಕ್ರ ಸಡಿಲವಾಗಿ ಅಲುಗುತ್ತಿತ್ತು. ಚಕ್ರ ಸಲೀಸಾಗಿ ತಿರುಗಲು ಒಳಗಿರುವ ವೀಲ್ ಬೇರಿಂಗ್ ಹೋಗಿದ್ದರೂ ಹೀಗೇ ಆಡುತ್ತೆ. ಅದಕ್ಕೆ ಹುಡುಗನಿಗೆ ಬ್ರೇಕ್ ತುಳಿದು ಹಿಡಿ ಅಂದೆ. ಬ್ರೇಕ್ ಹಿಡಿದಾಗ ಆಟ ನಿಂತರೆ ಬೇರಿಂಗ್. ನಿಲ್ಲದಿದ್ದರೆ ಬಾಲ್ ಜಾಯಿಂಟ್. ಇಲ್ಲಿ ನಿಲ್ಲಲಿಲ್ಲ. ಲೋವರ್ ಆರ್ಮಿಗೂ ನಕಲ್‌ಗೂ ನಡುವೆ ಸಬ್ಬಲ್ ಕೊಟ್ಟು ಮೀಟಿದರೆ ಗುಂಡು ಬಟ್ಟಲಲ್ಲಿ ಕುಣಿಯುವುದು ಕಣ್ಣಿಗೇ ಕಾಣುತ್ತಿತ್ತು. ಅಜ್ಜಿ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ನೋಡಿದರು. ಕಣ್ಣಿನ ಡಾಕ್ಟರಿಗೆ ಹೋಗುವುದು ತಡವಾಯಿತು ಅನ್ನುವ ಚಿಂತೆ ಮಗನಿಗೆ ಮಾತ್ರ ಇತ್ತು.

ನೋಡಿ, ಕಥೆ ಹೇಳುತ್ತಾ ಸಮಯ ಓಡಿಹೋಯಿತು. ಬದಲಿಸುವ ವಿಷಯ ಬೇಗ ಬೇಗ ಹೇಳಿಬಿಡುತ್ತೇನೆ.

ಬೂಟು ಈಗಷ್ಟೇ ಹರಿದಿದೆ, ಒಳಗೆ ನೀರು ಮಣ್ಣು ಹೋಗಿಲ್ಲ, ಗುಂಡು ಬಿಗಿಯಾಗಿದೆ ಅಂದರೆ ಬೂಟು ಮಾತ್ರ ಬದಲಿಸಿ ಹೊಸ ಗ್ರೀಸ್ ತುಂಬಿಸಬಹುದು. ಆಟ ಬಂದಿದ್ದರೆ ಜಾಯಿಂಟನ್ನೇ ಬದಲಿಸಬೇಕು. ಸಿರಿಂಜಿನಲ್ಲಿ ಗ್ರೀಸ್ ಚುಚ್ಚಿ ಸದ್ದು ನಿಲ್ಲಿಸಿ ಕೊಡುವವರಿದ್ದಾರೆ. ದಯವಿಟ್ಟು ಒಪ್ಪಬೇಡಿ. ಸದ್ದು ನಿಲ್ಲುತ್ತೆ, ಸವೆತ ನಿಲ್ಲಲ್ಲ. ಬಟ್ಟಲನ್ನು ಬಡಿದು ಬಿಗಿ ಮಾಡಿ ಕೊಡುತ್ತೇನೆ ಅನ್ನುವವರಿಗೂ ನಮಸ್ಕಾರ ಹೇಳಿ ಬನ್ನಿ. ಜಾಯಿಂಟ್ ಪೂರ್ತಿ ಕಳಚಿದರೆ ಚಕ್ರದ ಬುಡ ಹೊರಕ್ಕೆ ಜಾರುತ್ತೆ, ಕಾರು ಆ ಕಡೆ ನೆಲಕ್ಕೆ ಕುಸಿಯುತ್ತೆ, ನಿಮ್ಮ ಕೈಯಲ್ಲಿ ಸ್ಟೇರಿಂಗ್ ಇರುತ್ತೆ, ಚಕ್ರ ಮಾತು ಕೇಳಲ್ಲ. ಘಾಟಿಯಲ್ಲಿ ಹಾಗಾಗುವುದು ಬೇಡ.

ಕೆಲವು ಕಾರುಗಳಲ್ಲಿ ಜಾಯಿಂಟ್ ಬೇರೆಯಾಗಿ ಸಿಗುತ್ತೆ. ಕೆಲವಕ್ಕೆ ಲೋವರ್ ಆರ್ಮ್ ಸಮೇತ ಹಾಕಬೇಕು. ಮಾರುತಿಯ ಸಣ್ಣ ಕಾರುಗಳಲ್ಲಿ ಜಾಯಿಂಟಿನ ಕಡ್ಡಿಯನ್ನು ನಕಲ್ ಒಳಗೆ ಒಂದು ಅಡ್ಡ ಬೋಲ್ಟ್ ಹಿಡಿದಿರುತ್ತದೆ. ಆ ಕಡ್ಡಿಗೆ ಕಚ್ಚು ಇದೆ, ಬೋಲ್ಟ್ ಅದರಲ್ಲಿ ಕೂತಿರುತ್ತೆ. ಸಡಿಲ ಮಾಡಿದರೆ ಸಾಲದು, ಬೋಲ್ಟನ್ನು ಪೂರ್ತಿ ಎಳೆಯಬೇಕು. ಇದು ಗೊತ್ತಿಲ್ಲದೆ ಸುತ್ತಿಗೆಯಲ್ಲಿ ಬಡಿಯುತ್ತಾ ಕೂರುವ ಹುಡುಗರನ್ನು ನೋಡಿ ನನಗೆ ರೇಗಿಹೋಗಿದೆ. ತುಕ್ಕು ಹಿಡಿದ ಹಳೇ ಬೋಲ್ಟ್ ಮತ್ತೆ ಹಾಕಬಾರದು. ಲೋವರ್ ಆರ್ಮ್ ಬಿಚ್ಚಿದ್ದರೆ ಅದನ್ನು ಕಾರಿಗೆ ಸೇರಿಸುವ ರಬ್ಬರ್ ಬುಶ್ ಬೋಲ್ಟುಗಳನ್ನು ಕಾರು ನೆಲಕ್ಕಿಳಿದು ಭಾರ ಚಕ್ರದ ಮೇಲೆ ಬಿದ್ದ ಮೇಲೇ ಕೊನೆಯ ಬಿಗಿ ಮಾಡಬೇಕು. ಗಾಳಿಯಲ್ಲಿ ತೂಗಾಡುವಾಗ ಬಿಗಿದರೆ ಬುಶ್ ಬೇಗ ಹರಿಯುತ್ತೆ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಇಲ್ಲದಿದ್ದರೆ ಟೈರು ಒಂದೇ ಕಡೆ ಸವೆಯುತ್ತೆ. ಇದನ್ನು ನೀವೇ ಮನೆಯಲ್ಲಿ ಮಾಡಿ ಅಂತ ನಾನು ಹೇಳುತ್ತಿಲ್ಲ. ಬರೀ ಜ್ಯಾಕ್ ನಂಬಿ ಕಾರಿನಡಿ ತೂರಲೇಬೇಡಿ.

ನೀವು ಮಾಡಬೇಕಾದ್ದು ಸುಲಭ. ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಹಾಕಿ. ಸ್ಟೇರಿಂಗ್ ತಿರುಗಿಸಿಕೊಂಡು ಚಕ್ರದ ಹಿಂದೆ ಟಾರ್ಚ್ ಬಿಡಿ. ಸುಕ್ಕು ಸುಕ್ಕಾಗಿ ದೊಡ್ಡದಾಗಿ ಕಾಣುವುದು ಆಕ್ಸಲ್ ಬೂಟು, ಚಕ್ರ ತಿರುಗಿಸುವ ಕಂಬಿಯದ್ದು. ಅದು ಹರಿದಿದ್ದರೂ ಗ್ಯಾರೇಜಿಗೆ ಹೋಗಿ, ಆದರೆ ನಾನು ಹೇಳುತ್ತಿರುವುದು ಅದಲ್ಲ. ಇನ್ನೂ ಕೆಳಗೆ, ಲೋವರ್ ಆರ್ಮ್ ತುದಿಯಲ್ಲಿ, ಮುಷ್ಟಿಗಿಂತ ಚಿಕ್ಕದಾದ ಕಪ್ಪು ರಬ್ಬರ್. ಬಿರುಕು ಇದೆಯಾ? ಸುತ್ತ ಗ್ರೀಸ್ ಚೆಲ್ಲಿದೆಯಾ? ಅಷ್ಟೇ ನೋಡಿ. ಸರ್ವಿಸ್ ಸ್ಟೇಷನ್ನಿನಲ್ಲಿ ಕಾರು ಮೇಲೇರಿದಾಗ ಇನ್ನೂ ಚೆನ್ನಾಗಿ ಕಾಣುತ್ತೆ. ನೀರಿನ ಪೈಪ್ ಹಿಡಿದ ಹುಡುಗನಿಗೆ ಒಂದು ನಿಮಿಷ ತಾಳಪ್ಪಾ ಅನ್ನಿ, ಕೆಳಗೆ ಹೋಗಿ ಮೊದಲು ಬೂಟು ನೋಡಿ. ಆಮೇಲೆ ಅವನು ತೊಳೆಯಲಿ. ಬೂಟಿನ ಮೇಲೇ ಜೋರು ನೀರು ಬಿಡಬೇಡ ಅಂತಲೂ ಹೇಳಿ. ನಮಸ್ಕಾರ.